ಗೂಡಿನ ಕೊನೆಯ ಸುತ್ತು

“ಎಳೆ ಎಲ್ಲಿ?” ಎಂದು ಲಾಲ್ ಬಾಷಾ ಕೇಳಿದ. ಯಾರನ್ನೂ ಅಲ್ಲ. ಕಣ್ಣು ಮುಚ್ಚಿತ್ತು, ಮುಖ ಗೋಡೆಯ ಕಡೆಗಿತ್ತು. ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಅಜೀಜಾಗೆ ಮಾತ್ರ ಅದು ಕೇಳಿಸಿತು.

ಅವನು ಚಿಂತಾಮಣಿಯಲ್ಲಿ ರೇಷ್ಮೆ ನೂಲು ಬಿಚ್ಚುವವನು. ಕುದಿನೀರಲ್ಲಿ ತೇಲುವ ಗೂಡುಗಳ ನಡುವೆ, ಕಣ್ಣಿಗೆ ಬೀಳದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ತೆಗೆಯುವುದರಲ್ಲಿ ಅವನ ಎಡಗೈಗೆ ಬೀದಿಗೆಲ್ಲ ಹೆಸರಿತ್ತು. ಲಕ್ವ ಹೊಡೆದದ್ದು ಆ ಕೈಗೇ. ಮನೆಯ ಒಲೆ ಉರಿಯಬೇಕಾದರೆ ಅದು ಏಳಬೇಕು. ಅಜೀಜಾ ನಮಾಜಿನಲ್ಲಿ ಬೇರೇನೂ ಬೇಡುತ್ತಿರಲಿಲ್ಲ.

ನರ್ಸ್ ಹರಿತಾಗೆ ರೋಗಿಗಳು ಸುಮ್ಮನೆ ಮಲಗಿರುವುದು ಕಂಡರಾಗದು. ಬಂದ ಮಾರನೆಯ ದಿನವೇ ಬಾಷಾನನ್ನು ಎಬ್ಬಿಸಿ ಕೂರಿಸಿದಳು. ಎಡಗೈಗೆ ಸ್ಪಂಜಿನ ಚೆಂಡು ಕೊಟ್ಟಳು. ಕೈ ಸತ್ತ ಮೀನಿನಂತೆ ಬಿದ್ದುಕೊಂಡಿತು.

“ಬಾಷಾ ಭಾಯ್, ಕ್ರಿಕೆಟ್ಟು ಆಡಿದೋರಲ್ಲ ನೀವು,” ಎಂದು ನಕ್ಕಳು. “ಹೋಗ್ಲಿ ಬಿಡಿ. ಅಜೀಜಮ್ಮ, ಒಂದು ಬೇಸಿನ್‌ನಲ್ಲಿ ಉಗುರುಬೆಚ್ಚಗೆ ನೀರು ತನ್ನಿ. ಅದು ಮಾಡ್ತಿದ್ದ ಕೆಲಸಾನೇ ಕೊಡೋಣ.”

ನೀರಿನಲ್ಲಿ ಗೂಡೂ ಇರಲಿಲ್ಲ, ಏನೂ ಇರಲಿಲ್ಲ. ಬಾಷಾ ಆ ಕಡೆ ನೋಡುತ್ತಲೂ ಇರಲಿಲ್ಲ. ಆದರೂ ಬೆರಳುಗಳು ಮೆಲ್ಲಗೆ ಕದಲಿದವು, ತಡಕಾಡಿದವು, ಏನನ್ನೋ ಹಿಡಿದವು. ಮಣಿಕಟ್ಟು ನೀರಿನಿಂದ ಮೇಲಕ್ಕೆದ್ದಿತು.

“ಸಿಕ್ತು,” ಎಂದ ಬಾಷಾ.

ಹರಿತಾ ಕಣ್ಣರಳಿಸಿದಳು. ಅಷ್ಟು ಹೊತ್ತೂ ಎದುರು ಹಾಸಿಗೆಯಲ್ಲಿ ಪದ ಹೇಳುತ್ತಿದ್ದ ಮುನಿಶಾಮಪ್ಪ ನಡುವೆ ತಡವರಿಸಿ ನಿಂತ.

ಮುನಿಶಾಮಪ್ಪ ಅಂಬಾಜಿದುರ್ಗದ ಕಡೆಯ ಭಜನೆಯವನು. ಅವನ ಲಕ್ವ ಬಾಯಿಗೆ ಹೊಡೆದಿತ್ತು. ನೀರು ಬೇಕೆಂದು ಕೇಳಲಾರ, ಹೆಂಡತಿ ಅಕ್ಕಯಮ್ಮನ ಹೆಸರು ಹೇಳಲಾರ. ಆದರೆ ಪದದ ಒಂದು ಸಾಲು ಮಾತ್ರ ರಾಗದೊಂದಿಗೆ ಬರುತ್ತಿತ್ತು: “ಬಾಗಿಲಲಿ ನಿಂತವನೆ ಬಾ ಒಳಗೆ ದೀಪವಿದೆ.”

“ಈ ಸಾಲು ಸಾಕು,” ಎಂದಿದ್ದಳು ಹರಿತಾ ಅಕ್ಕಯಮ್ಮನಿಗೆ. “ದಿನಾ ಹೇಳಿಸ್ತಾ ಇರಿ. ಇದನ್ನ ಹಿಡ್ಕೊಂಡೇ ಮಿಕ್ಕ ಮಾತು ಎಳೀಬೇಕು.”

ಮಾರನೆಯ ಬೆಳಿಗ್ಗೆ ಅವನು ರಾಗ ಎತ್ತಿದ: “ನಿಂತವನೆ ಬಾ ಒಳಗೆ ದೀಪವಿದೆ.”

ಮೊದಲ ಮಾತು ಹೋಗಿತ್ತು. ಅಜೀಜಾಗೆ ಪದದ ಭಾಷೆ ತನ್ನದಲ್ಲದಿದ್ದರೂ ಕಿವಿ ಚುರುಕು. ಅಂದೂ ಬೇಸಿನ್ ಬಂತು, ಬಾಷಾನ ಬೆರಳು ಇನ್ನಷ್ಟು ಎಳೆಯಿತು. ಸಂಜೆಗೆ ಎದುರಿನವನು “ಬಾ ಒಳಗೆ ದೀಪವಿದೆ” ಎನ್ನುತ್ತಿದ್ದ.

ಗೂಡು ಬಿಚ್ಚುವುದೂ ಹೀಗೆಯೇ, ಹೊರಗಿನಿಂದ ಒಳಕ್ಕೆ. ಬೇಸಿನ್ನಿನ ನೀರು ಚೆಲ್ಲಲು ಹೋದ ಅಜೀಜಾಗೆ ನಲ್ಲಿಯ ಹತ್ತಿರ ಹೊಳೆಯಿತು, ಗಂಡನ ಬೆರಳು ಎಳೆಯುತ್ತಿದ್ದದ್ದು ಎದುರಿನವನ ಮಾತನ್ನು.

ಮರುದಿನ ಗೀಸರ್ ಕೆಟ್ಟಿದೆ ಎಂದು ಸುಳ್ಳು ಹೇಳಿದಳು. ನೀರು ಬರಲಿಲ್ಲ, ಕೈ ಏಳಲಿಲ್ಲ. ಮುನಿಶಾಮಪ್ಪನ ಸಾಲು ಹಾಗೇ ಉಳಿಯಿತು. ಅದರ ಮರುದಿನ ಬಾಷಾ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ, ಮಗುವನ್ನು ಮಲಗಿಸುವಂತೆ ಮಡಿಲಲ್ಲಿಟ್ಟುಕೊಂಡು, “ನೀರಿಲ್ವಾ ಇವತ್ತೂ?” ಎಂದು ಕೇಳಿದ. ಅವನ ಮುಖ ನೋಡಿ ಅವಳು ತಂದಳು. ಗೊತ್ತಿದ್ದೂ ತಂದಳು.

“ಒಳಗೆ ದೀಪವಿದೆ,” ಎಂದ ಮುನಿಶಾಮಪ್ಪ ಆ ಸಂಜೆ.

ಡಾಕ್ಟರು ಬಂದು ನೋಡಿ, ಇನ್ನೊಂದು ಸಣ್ಣ ಪೆಟ್ಟು ಬಿದ್ದಿರಬಹುದು ಎಂದು ಮಾತ್ರೆ ಬದಲಿಸಿದರು. ಅಕ್ಕಯಮ್ಮ ಅಜೀಜಾಗೆ ಎಲೆಅಡಿಕೆ ಚಾಚಿ, “ನೋಡೇ ಬೂಬಮ್ಮ, ನಿನ್ ಗಂಡನ ಕೈ ಎದ್ಕೂತ್ಕೊಂತು, ನನ್ ಗಂಡನ ಬಾಯಿ ಮಲಕ್ಕೊಂತು. ಬದಲಾಯಿಸ್ಕೊಳ್ಳಣ ಬಾ,” ಎಂದು ನಕ್ಕಳು. ಅಜೀಜಾ ಎಲೆ ತೆಗೆದುಕೊಂಡಳು. ಅದು ಬಾಯಲ್ಲಿ ಹಾಗೇ ಉಳಿಯಿತು, ಅಗಿಯಲಾಗಲಿಲ್ಲ.

ಆಮೇಲೆ “ದೀಪವಿದೆ” ಆಯಿತು. ಅದರಲ್ಲಿ ದೀಪವೂ ಹೋಗಿ, ಈಗ ಉಳಿದದ್ದು ಒಂದೇ ಮಾತು.

“ಇದೆ,” ಎಂದು ಮುನಿಶಾಮಪ್ಪ ಹೆಂಡತಿಯ ಮುಖ ನೋಡಿದ.

“ಇದೆ ಕಣಪ್ಪ. ಎಲ್ಲಾ ಇದೆ,” ಎಂದು ಅಕ್ಕಯಮ್ಮ ಅವನ ಗಲ್ಲ ಒರೆಸಿದಳು. “ಇನ್ನೊಂದ್ಸಲ ಹೇಳು.”

“ಇದೆ.”

ಹರಿತಾ ಅವರ ಹತ್ತಿರ ತುಂಬಾ ಹೊತ್ತು ಕೂತಿದ್ದಳು. ರಾಗ ಹಾಡಿ ತೋರಿಸಿದಳು, ಬಾಗಿಲು ತೋರಿಸಿದಳು. ಏನೂ ಮರಳಿ ಬರಲಿಲ್ಲ. ಎದ್ದು ಈಚೆ ಹಾಸಿಗೆಗೆ ಬಂದಾಗ ಅವಳ ದಣಿದ ಮುಖದಲ್ಲಿ ಮತ್ತೆ ಗೆಲುವು ಕಂಡಿತು.

“ಹೆಬ್ಬೆರಳು ಇನ್ನೊಂಚೂರು ಬಂದ್ರೆ ಬೆರಳಿಗೆ ಕೂಡುತ್ತೆ ಅಜೀಜಮ್ಮ. ಕೂಡಿಬಿಟ್ರೆ ಭಾಯ್ ಮನೆಗೆ ಹೋಗಿ ಒಲೆ ಮುಂದೆ ಕೂರಬಹುದು. ಇವತ್ತೊಂದಿನ. ನೀರು ತನ್ನಿ.”

ಬಾಷಾ ಹಾಸಿಗೆಯ ಅಂಚಿಗೆ ಆಗಲೇ ಸರಿದು ಕೂತಿದ್ದ. ಎಡಗೈ ಅವನ ತೊಡೆಯ ಮೇಲೆ, ಯಾರೂ ಹೇಳದೆಯೇ, ಗಾಳಿಯಲ್ಲಿ ತಡಕುತ್ತಿತ್ತು.

“ತಾ ಅಜೀಜಾ,” ಎಂದ ಅವನು ಮೃದುವಾಗಿ. “ಒಳ್ಳೆ ಗೂಡು ಕಣೇ, ಎಲ್ಲೂ ತುಂಡಾಗ್ಲಿಲ್ಲ. ಇನ್ನೊಂದು ಸುತ್ತು ಇದೆ ಅಷ್ಟೆ. ಆಮೇಲೆ ಹುಳ.”

ಎದುರಿನಿಂದ ಮುನಿಶಾಮಪ್ಪ ಇವರನ್ನೇ ನೋಡುತ್ತಿದ್ದ. ತುಟಿ ಆ ಒಂದು ಮಾತನ್ನು ಹಿಡಿದುಕೊಂಡಿತ್ತು.

ಅಜೀಜಾ ಮಂಚದ ಕೆಳಗಿನ ಬೇಸಿನ್ ಎತ್ತಿಕೊಂಡಳು. ಗಂಡನ ಕೈ ನೋಡಿದಳು, ಸುಟ್ಟು ಸುಟ್ಟು ನುಣುಪಾದ ಬೆರಳತುದಿಗಳನ್ನು ನೋಡಿದಳು. ಆಮೇಲೆ ಬೇಸಿನ್ನನ್ನು ಬೋರಲು ಹಾಕಿ, ಅದರ ಮೇಲೆಯೇ ಕೂತುಕೊಂಡಳು.

“ತರಲ್ಲ,” ಎಂದಳು.