ಕೋಳಿಗೆ ನಮ್ಮ ಕಡೆ ಏನಂತಾರೆ

ಮಾರ್ಚ್ ತಿಂಗಳ ಮೊದಲ ವಾರ ವಿಶ್ವವಿದ್ಯಾಲಯದಿಂದ ನಮ್ಮ ಶಾಲೆಗೆ ಒಂದು ದಪ್ಪ ಲಕೋಟೆ ಬಂತು. ಒಳಗೆ ನಲವತ್ತೆಂಟು ಸಣ್ಣ ಚಿತ್ರಗಳು: ಕೋಳಿ, ಆಲೂಗಡ್ಡೆ, ಹೊದಿಕೆ, ಇರುವೆ, ಬಕೆಟ್ಟು, ಬ್ರೆಡ್ಡಿನ ಗಟ್ಟಿ ತುದಿ. ಪ್ರತಿ ಚಿತ್ರದ ಪಕ್ಕ ಒಂದು ಖಾಲಿ ಗೆರೆ. 'ನಿಮ್ಮ ಊರಿನವರು ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ? ಕಿವಿಗೆ ಬಿದ್ದ ಹಾಗೆಯೇ ಬರೆಯಿರಿ' ಎಂದು ಮೇಲೆ ಅಚ್ಚಾಗಿತ್ತು. ಈ ಮಾತುಗಳೆಲ್ಲ ಬೇಗ ಬೇಗ ಮರೆಯಾಗುತ್ತಿವೆಯಂತೆ. ಅದಕ್ಕೇ ನಮ್ಮ ಪ್ಫಾಲ್ಟ್ಸ್ ಸೀಮೆಯ ಊರೂರಿನಿಂದ ಕೂಡಿಸಿ, ಯಾವ ಊರಲ್ಲಿ ಯಾವ ಪದ ಎಂದು ನಕ್ಷೆ ಮಾಡುತ್ತಾರಂತೆ.

ಮುಖ್ಯೋಪಾಧ್ಯಾಯ ಥೈಸ್ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮದುವೆಯಾಗದ ಟೀಚರಮ್ಮ ಎಂದು ಊರಿನವರಂತೆ ಅವರೂ ನನ್ನನ್ನು ಫ್ರಾಯ್ಲೈನ್ ಎಂದೇ ಕರೆಯುತ್ತಿದ್ದರು. "ಫ್ರಾಯ್ಲೈನ್ ಡ್ರುಮ್, ಇದು ನಿಮ್ಮ ಪಾಲು. ಇಪ್ಪತ್ಮೂರು ವರ್ಷ ಆಯ್ತು ನೀವು ಈ ಊರಿಗೆ ಬಂದು. ನಿಮ್ಮ ಕೈಲಿ ಓದದೆ ಇರೋರು ಯಾರಿದ್ದಾರೆ ಹೇಳಿ."

ಅದು ನಿಜ. ಮೂವತ್ತರ ಒಳಗಿನವರೆಲ್ಲ ನನ್ನ ತರಗತಿಯಲ್ಲಿ ಕೂತು ಎದ್ದವರೇ. ನನ್ನ ಶಾಲಾಮಕ್ಕಳು ಪುಸ್ತಕದ ಜರ್ಮನ್ ಮಾತಾಡುವುದನ್ನು ಕೇಳಿ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರು ಎರಡು ಸಲ ತಲೆದೂಗಿದ್ದರು. ಆ ಹೆಮ್ಮೆ ನನಗಿತ್ತು. ಒಂದೆರಡು ದಿನದಲ್ಲಿ ಹಾಳೆ ತುಂಬಿಸಿ ಕಳಿಸಿಬಿಡೋಣ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬೇಕರಿಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಮೆಟ್ಟಿಲಿಗೇ ಒಳಗಿನ ನಗು ಕೇಳುತ್ತಿತ್ತು.

"ಹೋದ ಭಾನುವಾರ ನಿನ್ನ ಗಂಡ ಚರ್ಚಿಗೆ ಬಂದಿದ್ನಲ್ಲೇ. ಪಾದ್ರಿಗೇ ಗುರುತು ಹತ್ತಲಿಲ್ಲ."

"ಅವನೆಲ್ಲಿ ಪ್ರಾರ್ಥನೆಗೆ ಬಂದ? ಕೋಳಿಗೂಡು ತೊಳಿ ಅಂದಿದ್ದೆ, ತಪ್ಪಿಸ್ಕೊಂಡು ಬಂದ."

"ಹಂಗಾದ್ರೆ ವಾರಾವಾರ ಗೂಡು ತೊಳಿಸು. ಸ್ವರ್ಗಕ್ಕಾದ್ರೂ ಹೋಗ್ತಾನೆ."

ಕೊನೆಯ ಮಾತು ಆಡಿದ್ದು ಕೌಂಟರಿನ ಹಿಂದಿದ್ದ ರೋಸೆಲ್. ನಾನು ಬಾಗಿಲು ದೂಡಿದೆ, ಮೇಲಿನ ಗಂಟೆ ಟಿಣ್ ಅಂದಿತು. ನಗು ನಿಂತಿತು. ಇಬ್ಬರು ಹೆಂಗಸರು ಬುಟ್ಟಿ ಸರಿಮಾಡಿಕೊಂಡು ಪಕ್ಕಕ್ಕೆ ನಿಂತರು.

"ಶುಭೋದಯ, ಫ್ರಾಯ್ಲೈನ್ ಡ್ರುಮ್. ತಮಗೆ ಏನನ್ನು ಕೊಡಲಿ?" ಎಂದಳು ರೋಸೆಲ್. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿತ್ತು. ವರ್ಷಗಟ್ಟಲೆ ಅವಳು ನನ್ನೊಡನೆ ಹೀಗೆಯೇ ಮಾತಾಡುತ್ತಿದ್ದಳು. ಆರನೇ ವಯಸ್ಸಿಗೆ ನನ್ನ ಕೈಕೆಳಗೆ ಬಂದ ಹುಡುಗಿ, ಕಲಿಸಿದ್ದು ಉಳಿದಿದೆ ಎಂದು ನಾನು ಖುಷಿಪಡುತ್ತಿದ್ದೆ.

ನಾನು ಚಿತ್ರ ತೆಗೆದು ತೋರಿಸಿದೆ. "ಈ ಬ್ರೆಡ್ಡಿನ ತುದಿಗೆ ನಿಮ್ಮನೇಲಿ ಏನಂತೀರಿ ರೋಸೆಲ್?"

"ಅದು ಬ್ರೆಡ್ಡಿನ ಅಂತಿಮ ಭಾಗ."

"ಅದಲ್ಲಮ್ಮ. ನೀವು ನೀವೇ ಮಾತಾಡ್ಕೊಳ್ಳುವಾಗ?"

"ಆಗಲೂ ನಾವು ಹಾಗೆಯೇ ಹೇಳುತ್ತೇವೆ."

ಹಿಂದೆ ನಿಂತಿದ್ದವರಲ್ಲಿ ಒಬ್ಬಳು ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೂ ಗೊತ್ತಾಯಿತು. ಅವಳ ಕಡೆ ತಿರುಗಿ ಅದನ್ನೇ ಕೇಳಿದೆ. ಅವಳೂ "ಅಂತಿಮ ಭಾಗ" ಅಂದಳು. ಬ್ರೆಡ್ಡು ತೆಗೆದುಕೊಂಡು ಹೊರಗೆ ಬಂದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಮತ್ತೆ ನಗು ಎದ್ದಿತು.

ಮುಂದಿನ ಹತ್ತು ದಿನ ಮನೆಮನೆ ಸುತ್ತಿದೆ. ಎಲ್ಲರೂ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ಪುಸ್ತಕದ ಮಾತನ್ನೇ ಕೊಟ್ಟರು. ಆಲೂಗಡ್ಡೆ ಬಿತ್ತಿ ಬೆನ್ನು ಬಾಗಿದ ಮುದುಕರೂ ನನ್ನ ಮುಂದೆ ಅದಕ್ಕೆ 'ಕಾರ್ತೋಫೆಲ್' ಅಂದರು. ಹಾಳೆಯ ಮೇಲೆ ಬರೆಯಲು ಒಂದು ಪದವೂ ಸಿಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ರೋಸೆಲ್‌ಳ ತಾಯಿ ಲೀನಾಳ ಮನೆಗೆ ಹೋದೆ. ಲೀನಾಗೆ ಅರವತ್ತರ ಮೇಲಾಗಿತ್ತು. ಮಗಳು, ಅಳಿಯ, ಮೊಮ್ಮಗಳ ಜೊತೆ ಇದ್ದಳು. ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ನಾನು ಚಿತ್ರಗಳನ್ನು ಹರಡಿದೆ. ಅವಳು ಒಂದೊಂದಕ್ಕೂ ತಡವರಿಸುತ್ತ, ಪಾಠ ಒಪ್ಪಿಸುವ ಹಾಗೆ, ಪುಸ್ತಕದ ಹೆಸರು ಹೇಳುತ್ತ ಹೋದಳು.

ಅಷ್ಟರಲ್ಲಿ ಮೊಮ್ಮಗಳು ಆಂಕೆ ಗೊಂಬೆ ಎತ್ತಿಕೊಂಡು ಬಂದಳು. ಆಗಸ್ಟಿಗೆ ಶಾಲೆ ಸೇರಬೇಕಾದವಳು. "ಅಜ್ಜಿ, ನನ್ನ ಗೊಂಬೆಗೆ ಚಳಿಯಾಗುತ್ತಿದೆ. ದಯವಿಟ್ಟು ಹೊದಿಕೆಯನ್ನು ಕೊಡುವಿರಾ?"

ಲೀನಾ ಎದ್ದಳು, ಕೈ ಒರೆಸಿಕೊಂಡಳು, ಬೆಂಚಿನ ಮೇಲಿದ್ದ ಉಣ್ಣೆಯ ತುಂಡನ್ನು ಮಗುವಿನ ಕೈಗಿಟ್ಟಳು. ಒಂದು ಮಾತೂ ಆಡಲಿಲ್ಲ. ಮಗು ಕಾದು ನೋಡಿ ಹೊರಟುಹೋಯಿತು.

"ಮಗು ಮೇಲೆ ಕೋಪಾನಾ ಲೀನಾ?" ಎಂದು ಕೇಳಿದೆ.

ಅವಳು ಚಾಕು ಕೆಳಗಿಟ್ಟಳು. ಆಮೇಲೆ ಬಂದದ್ದು ಅವಳದೇ ಮಾತು.

"ಕೋಪ ಯಾಕೆ ಬರ್ತದೆ? ನಾನು ಬಾಯಿ ಬಿಡೋ ಹಂಗಿಲ್ಲ, ಅಷ್ಟೆ. ರೋಸೆಲ್ ಹೇಳವ್ಳೆ, ಅಮ್ಮ, ನಿನ್ ಬಾಯಿಂದ ಬಂದಿದ್ದು ಮಗೂಗೆ ಅಂಟ್ಕೊಂಡ್ರೆ ಕಷ್ಟ ಅಂತ. ಕಥೆ ಹೇಳಂಗಿಲ್ಲ, ಬೈಯಂಗೂ ಇಲ್ಲ. ಮುದ್ದು ಮಾಡೋವಾಗ ಪುಸ್ತಕದ ಮಾತು ನಂಗೆ ಬರಲ್ಲ. ಅದ್ಕೇ ಸುಮ್ನಿರ್ತೀನಿ. ಎರಡು ವರ್ಷ ಆಯ್ತು."

"ಯಾಕೆ ಹಾಗೆ ಹೇಳಿದಳು?" ಎಂದು ಕೇಳಿದೆ. ಕೇಳುತ್ತಿರುವಾಗಲೇ ಉತ್ತರ ಹೊಳೆದಿತ್ತು.

"ಯಾಕೇಂತ ನೀವು ನನ್ನ ಕೇಳ್ತೀರಾ? ಮಣೆ ಯಾರ್ದು?"

ಮಣೆ ನನ್ನದೇ. ನಾನು ಊರಿಗೆ ಬಂದ ಹೊಸತರಲ್ಲಿ ಕಪ್ಪುಹಲಗೆಯ ಪಕ್ಕ ಒಂದು ಕಾಲುಮಣೆ ಇಟ್ಟಿದ್ದೆ. ತರಗತಿಯಲ್ಲಿ ಮನೆಮಾತು ಆಡಿದವರು ಅದರ ಮೇಲೆ ಹತ್ತಿ ನಿಲ್ಲಬೇಕು, ಸರಿಯಾದ ಪದ ಹೇಳುವ ತನಕ. ರೋಸೆಲ್ ಶಾಲೆಗೆ ಬಂದು ಎರಡನೇ ವಾರವೋ ಏನೋ. ನಾನು ಕೋಳಿಯ ಚಿತ್ರ ಹಿಡಿದೆ. "ಹಿಂಕೆಲ್" ಎಂದು ಕೂಗಿದಳು, ಉತ್ತರ ಗೊತ್ತಿದೆಯೆಂಬ ಸಂತೋಷದಲ್ಲಿ. "ಅಂಥ ಪ್ರಾಣಿ ಲೋಕದಲ್ಲಿಲ್ಲ" ಎಂದೆ. ಅವಳಿಗೆ ಇನ್ನೊಂದು ಹೆಸರು ಗೊತ್ತಿರಲಿಲ್ಲ. ಮಣೆ ಹತ್ತಿ ನಿಂತಳು. ಗಂಟೆ ಕಳೆಯಿತು. ಅವಳ ಕಾಲಿನ ಮೇಲೆ ನೀರು ಇಳಿದು ಮಣೆ ಒದ್ದೆಯಾಯಿತು, ಮಕ್ಕಳು ಕೊಕ್ಕೊಕ್ಕೋ ಅಂದರು. ನಾನು ಒರೆಸುವ ಬಟ್ಟೆ ಅವಳ ಕೈಗೇ ಕೊಟ್ಟೆ.

ಇದನ್ನು ನಾನು ಮರೆತಿರಲಿಲ್ಲ. ಶಿಸ್ತು ಎಂಬ ಹೆಸರಿಟ್ಟು ಒಂದು ಕಡೆ ಇಟ್ಟಿದ್ದೆ.

"ಐದನೇ ಕ್ಲಾಸಿನವರೆಗೂ ಬೀದೀಲಿ ಅವ್ಳು ಹಿಂಕೆಲ್ಲೇ," ಎಂದಳು ಲೀನಾ. "ಮದ್ವೆ ದಿನ ಕುಡಿದು ಬಂದವ್ನೊಬ್ಬ ಹಂಗೇ ಕೂಗ್ದ. ನೀವು ಈಗ ಬಂದು ಆ ಮಾತೇ ಕೊಡಿ ಅಂತೀರಿ, ಬರ್ಕೊಂಡು ಹೋಗ್ತೀನಿ ಅಂತೀರಿ. ಯಾರ್ ಕೊಡ್ತಾರೆ ನಿಮಗೆ?"

ನಾನು ಚಿತ್ರಗಳನ್ನು ಕೂಡಿಸಿಕೊಂಡು ಎದ್ದೆ. ಹಾಳೆಗಳು ಒಂದಕ್ಕೊಂದು ಹೊಂದದೆ ಎರಡು ಸಲ ಕೆಳಗೆ ಬಿದ್ದವು. ಲೀನಾ ಬಗ್ಗಿ ಎತ್ತಿಕೊಡಲಿಲ್ಲ.

ಮೂರು ದಿನ ಬ್ರೆಡ್ಡು ತರಲು ಹೋಗಲಿಲ್ಲ. ಬುಧವಾರ ಮಧ್ಯಾಹ್ನ ಬೇಕರಿ ಮುಚ್ಚುವ ಹೊತ್ತಿಗೆ ಹೋದೆ. ರೋಸೆಲ್ ತಟ್ಟೆಗಳನ್ನು ಒರೆಸುತ್ತಿದ್ದಳು, ಬೇರೆ ಯಾರೂ ಇರಲಿಲ್ಲ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಪುಸ್ತಕದ ಭಾಷೆಯಲ್ಲಿ ಕ್ಷಮೆ ಕೇಳಿದರೆ ಅದು ಇನ್ನೊಂದು ಪಾಠವಾಗುತ್ತದೆ ಅನ್ನಿಸಿತು. ಮೂವತ್ತು ವರ್ಷ ಆಡದಿದ್ದ ಮಾತಿನಲ್ಲಿ ಬಾಯಿ ತೆರೆದೆ.

"ರೋಸೆಲ್, ನಾನೂ ಪಕ್ಕದ ಕಣಿವೇವ್ಳೇ ಕಣೆ. ನಮ್ಮಪ್ಪ ಕಂಡೋರ ಹೊಲದಾಗೆ ದುಡೀತಿದ್ದ. ನಮ್ಮನೇಲೂ ಅದು ಹಿಂಕೆಲ್ಲೇ. ಆಲೂಗಡ್ಡೆ ಗ್ರುಂಬೇರನೇ, ಹೊದಿಕೆ ಕೋಲ್ಡರೇ. ತರಬೇತಿಗೆ ಹೋದಾಗ ಪಟ್ಟಣದ ಹುಡುಗೀರು ನನ್ ಮಾತು ಕೇಳಿ ಬಿದ್ದು ಬಿದ್ದು ನಕ್ಕಿದ್ರು. ಅವತ್ತಿಂದ ಬಿಟ್ಟೆ. ನಿನ್ನ ಮಣೆ ಮೇಲೆ ನಿಲ್ಸಿದ್ದು ತಪ್ಪು. ನನ್ನ ಕ್ಷಮಿಸು ಅಂತ ಕೇಳೋಕ್ ಬಂದೆ."

ನನ್ನ ಹಳೆಯ ಮಾತು ಕೇಳಿದರೆ ಅವಳ ಮುಖ ಸಡಿಲವಾಗುತ್ತದೆ ಎಂದು ಎಣಿಸಿದ್ದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಬಹಳ ನಿಧಾನವಾಗಿ ಕೆಳಗಿಟ್ಟಳು.

"ಹಾಗಾದರೆ ತಮಗೆ ಗೊತ್ತಿತ್ತು," ಎಂದಳು.

"ಏನು?"

"ಹಿಂಕೆಲ್ ಎಂದರೆ ಏನೆಂದು. ತಮಗೆ ನಿಜವಾಗಿಯೂ ಅರ್ಥವಾಗಿಲ್ಲ ಎಂದು ನಾನು ತಿಳಿದಿದ್ದೆ. ಇಷ್ಟು ವರ್ಷ ಹಾಗೆಯೇ ತಿಳಿದಿದ್ದೆ. ತಾವು ದೊಡ್ಡ ಊರಿನವರು, ನನ್ನ ಮಾತು ಮನುಷ್ಯರಿಗೆ ಅರ್ಥವಾಗದ ಮಾತು ಎಂದು. ತಾವು ಅರ್ಥವಾಗಿಯೂ ನಿಲ್ಲಿಸಿದಿರಿ."

ನನ್ನನ್ನು ನೋಡಿ ನಕ್ಕವರ ವಿಷಯ ಹೇಳಿದ್ದು ನನಗೇ ಅಸಹ್ಯವಾಯಿತು. ಆರು ವರ್ಷದ ಮಗುವಿನ ಬಾಯಿಂದ ನನ್ನ ತಾಯಿಯ ಮಾತು ಬಂದಾಗ ನನ್ನ ಗುಟ್ಟು ಬಯಲಾದಂತೆ ಬೆಚ್ಚಿದ್ದೆ. ಅದೇ ಸತ್ಯ. ಅದನ್ನೂ ಹೇಳಿದೆ, ತಡವರಿಸುತ್ತ.

ರೋಸೆಲ್ ಒರೆಸಿದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. "ಭಾನುವಾರ ಮೂರು ಗಂಟೆಗೆ ನಮ್ಮ ಮನೆಗೆ ಬನ್ನಿ. ನನಗೆ ಹೇಳಿದ್ದನ್ನು ನನ್ನ ತಾಯಿಯ ಮುಂದೆ ಹೇಳಿ. ಮಗಳ ಮುಂದೆಯೂ. ಈಗ ಆಡಿದಿರಲ್ಲ, ಆ ಮಾತಿನಲ್ಲಿಯೇ."

ಹೋದೆ. ಮೇಜಿನ ಮೇಲೆ ಪ್ಲಮ್ ಕೇಕ್ ಇತ್ತು. ಆಂಕೆ ಅಪ್ಪನ ಮಡಿಲಲ್ಲಿ ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ, ಒದ್ದೆಯಾದ ಮಣೆ, ಒರೆಸುವ ಬಟ್ಟೆ, ಸುಳ್ಳು, ಯಾವುದನ್ನೂ ಬಿಡದೆ. ಮಗುವಿನ ಮುಂದೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ರೋಸೆಲ್ ಒಲೆಯ ಕಡೆ ತಿರುಗಿ ನಮಗೆ ಬೆನ್ನು ಕೊಟ್ಟು ನಿಂತಿದ್ದಳು.

ನಾನು ಮುಗಿಸಿದ ಮೇಲೆ ಲೀನಾ, "ನಿಮ್ ಕಣಿವೇವ್ರು ಈಗ್ಲೂ ಹಿಂಗೇ ರಾಗ ಎಳೀತಾರಾ? ಕರು ಕೂಗ್ದಂಗೆ," ಅಂದಳು. ಅಳಿಯ ನಕ್ಕ. ಅವರು ನನ್ನನ್ನು ನೋಡಿ ನಕ್ಕರು, ನಾನು ಸುಮ್ಮನೆ ಕೂತಿದ್ದೆ. ಹಾಗೆ ಕೂರುವುದು ನನಗೆ ಸಲ್ಲಬೇಕಾದ್ದೇ.

ರೋಸೆಲ್ ತಿರುಗದೆಯೇ ಮಾತಾಡಿದಳು. "ಅಮ್ಮ, ಇನ್ಮ್ಯಾಕೆ ಮಗು ಹತ್ರ ನಿಂಗೆ ಹೆಂಗ್ ಬರ್ತದೋ ಹಂಗೇ ಮಾತಾಡು."

ಲೀನಾ ಮೇಜಿನ ಮೇಲಿನ ಕೇಕಿನ ಚೂರುಗಳನ್ನು ಕೈಯಿಂದ ಗುಡಿಸಿದಳು. ಎರಡು ವರ್ಷ ಮುಚ್ಚಿದ್ದ ಬಾಯಿ. ಕೊನೆಗೆ ಮೊಮ್ಮಗಳ ತಟ್ಟೆ ನೋಡಿ, "ತಿನ್ನು ಕೂಸೇ, ಯಾಕಂಗೆ ಹಕ್ಕಿ ಹಂಗೆ ಕುಕ್ತಿದ್ದೀಯಾ," ಅಂದಳು. ಆಂಕೆಗೆ ಪೂರ್ತಿ ಅರ್ಥವಾಗಲಿಲ್ಲ. ಅಪ್ಪನ ಮುಖ ನೋಡಿದಳು. ಅದನ್ನು ನೋಡಿದಾಗ ನನಗಾದ ನಾಚಿಕೆಯ ಮುಂದೆ ಆ ಮಧ್ಯಾಹ್ನದ ಉಳಿದದ್ದೆಲ್ಲ ಕಡಿಮೆ.

ಚಿತ್ರಗಳನ್ನು ಹೊರಗೆ ತೆಗೆಯುವ ಧೈರ್ಯ ನನಗಿರಲಿಲ್ಲ. ಲೀನಾ ತಾನೇ ಕೇಳಿದಳು. ನಲವತ್ತೆಂಟರಲ್ಲಿ ನಲವತ್ತೊಂದು ಹೇಳಿದಳು. ಪ್ಲಮ್ ಜಾಮಿಗೆ ಲಾಟ್ವೆರ್ಗ್, ಬ್ರೆಡ್ಡಿನ ತುದಿಗೆ ಕ್ನೆರ್ಟ್ಸೆಲ್. ಇರುವೆಯ ಹೆಸರಿಗೆ ಅಳಿಯನ ಜೊತೆ ಜಗಳವಾಡಿದಳು. ಅವನು ಬೇರೆ ಊರಿನವನು, ಅವನ ಇರುವೆಯೇ ಬೇರೆ. ರೋಸೆಲ್ ಒಂದಕ್ಕೂ ಬಾಯಿ ಹಾಕಲಿಲ್ಲ. ಮಾಹಿತಿ ಕೊಟ್ಟವರು ಎಂಬಲ್ಲಿ ಲೀನಾಳ ಹೆಸರು ಬರೆದು, ಕೆಳಗೆ ನನ್ನ ಹೆಸರು, ಹುಟ್ಟಿದ ಊರು, ತಂದೆಯ ಕಸುಬು ಬರೆದೆ. ಆ ಊರಿನ ಹೆಸರನ್ನು ನಾನು ಯಾವ ಕಾಗದದಲ್ಲೂ ಅಷ್ಟು ಸ್ಪಷ್ಟವಾಗಿ ಬರೆದವಳಲ್ಲ. ಥೈಸ್ ಓದಿ ಹುಬ್ಬೇರಿಸಿದರು, ಲಕೋಟೆ ಅಂಟಿಸಿ ಅಂಚೆಗೆ ಹಾಕಿಸಿದರು.

ಆಗಸ್ಟ್ ಬಂತು. ಮೊದಲ ದಿನ ಆಂಕೆ, ಹೊಸದಾಗಿ ಶಾಲೆ ಸೇರುವ ಮಕ್ಕಳಿಗೆಲ್ಲ ಮನೆಯವರು ಕೊಡುವ, ಮಿಠಾಯಿ ತುಂಬಿದ ಕಾಗದದ ಉದ್ದನೆಯ ಶಂಕುವನ್ನು ಅಪ್ಪಿಕೊಂಡು ಅಮ್ಮನ ಜೊತೆ ಬಂದಳು. ಬೇರೆ ತಾಯಂದಿರು ನನ್ನ ಕೈ ಕುಲುಕಿದರು. ರೋಸೆಲ್ ಬಾಗಿಲಿನ ಹೊರಗೇ ನಿಂತಳು.

"ಇವಳನ್ನು ತಮ್ಮ ತರಗತಿಗೆ ಹಾಕಿರೆಂದು ನಾನು ಕೇಳಿದ್ದಲ್ಲ, ಫ್ರಾಯ್ಲೈನ್ ಡ್ರುಮ್," ಎಂದಳು, ಅದೇ ತೊಳೆದ ಮಾತಿನಲ್ಲಿ. "ಈ ಊರಿನಲ್ಲಿ ಒಂದನೇ ತರಗತಿ ಇರುವುದು ಒಂದೇ."

"ಗೊತ್ತು ರೋಸೆಲ್," ಎಂದೆ.

ಅವಳು ಮಗಳ ಕೂದಲು ಸರಿಮಾಡಿ ಹೊರಟುಹೋದಳು. ನಾನು ಕೈ ಚಾಚಿದೆ. ಆಂಕೆ ಹಿಡಿಯಲಿಲ್ಲ. ಶಂಕುವನ್ನು ಎರಡೂ ಕೈಯಿಂದ ಅವುಚಿಕೊಂಡು ನನ್ನ ಪಕ್ಕದಿಂದ ಒಳಗೆ ನಡೆದು, ಕಿಟಕಿಯ ಬಳಿಯ ಬೆಂಚಿನಲ್ಲಿ ಹೋಗಿ ಕೂತಳು.