ಎಲ್ಲರೂ ಚೆನ್ನಾಗಿ ಪಾಠ ಮಾಡುವ ಶಾಲೆ

ತರಬೇತಿಗೆ ಹೋಗಿ ಬಂದ ಮೇಲೆ ನಮ್ಮ ಪ್ರಾಂಶುಪಾಲೆ ಮೇಡಂಗೆ ಹೊಸ ಹುಚ್ಚು ಹಿಡಿಯಿತು. ಪ್ರತಿ ಶುಕ್ರವಾರ ಒಬ್ಬರು ಪಾಠ ಮಾಡಬೇಕು, ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ಆಮೇಲೆ ಸ್ಟಾಫ್ ರೂಮಿನಲ್ಲಿ ಸೇರಿ ಮಕ್ಕಳಿಗೆ ಎಲ್ಲಿ ಅರ್ಥವಾಗಲಿಲ್ಲ ಎಂದು ಮಾತಾಡಬೇಕು. ‘ಕಲಿಯುವವರ ಬಳಗ’ ಅಂತ ಹೆಸರು ಬೇರೆ. ತಲೆ ನರೆಯುವವರೆಗೆ ಸಮಾಜ ಪಾಠ ಹೇಳಿದ ನಾನು ಈಗ ಮಂಡಿ ಮಡಚಿ ಮಕ್ಕಳ ಬೆಂಚಿನಲ್ಲಿ ಕೂರಬೇಕಂತೆ!

ನಾವೇನು ಕಡಿಮೆಯೇ? ಒಬ್ಬರನ್ನೊಬ್ಬರು ಹೊಗಳಿ ಅಟ್ಟಕ್ಕೇರಿಸಿದೆವು. ಗಣಿತದ ಮೇಷ್ಟ್ರ ಪಾಠದಲ್ಲಿ ಅರ್ಧ ತರಗತಿ ಆಕಳಿಸಿತು. ನಾನು ಅವರ ಅಕ್ಷರ ಮುತ್ತಿನಂತಿದೆ ಎಂದೆ. ನನ್ನ ಪಾಠದಲ್ಲಿ ಇಡೀ ತರಗತಿ ಆಕಳಿಸಿತು. ಅವರು ನನ್ನ ಕಂಠ ಬಹಳ ಸ್ಪಷ್ಟ ಎಂದರು. ಚಹಾ ಕುಡಿದು ಎದ್ದೆವು.

ಇದನ್ನೆಲ್ಲ ನಂಬಿದವಳು ಒಬ್ಬಳೇ, ಹೊಸದಾಗಿ ಸೇರಿದ ವಿಜ್ಞಾನದ ಟೀಚರ್. ಆಕಳಿಕೆಯನ್ನು ಅವಳೂ ನೋಡಿದ್ದಳು. ಹಿರಿಯರು ಚೆನ್ನಾಗಿತ್ತು ಎಂದ ಮೇಲೆ ತನ್ನ ಕಣ್ಣನ್ನೇ ಅನುಮಾನಿಸಿದ್ದಳು.

ಒಂದು ಮಧ್ಯಾಹ್ನ ನಲ್ಲಿಯ ಬಳಿ ಕೈ ತೊಳೆಯುತ್ತ, “ಅಕ್ಕಾ, ಈ ತಿಂಗಳು ಮುಗಿದ್ರೆ ಕೆಲಸ ಬಿಡ್ತೀನಿ. ಮೇಡಂಗೂ ಹೇಳಿದೀನಿ. ನಿಮ್ಮೆಲ್ಲರ ಕ್ಲಾಸು ಎಷ್ಟು ಚೆನ್ನಾಗಿ ನಡೆಯುತ್ತೆ! ನನ್ನ ಪಾಠ ಮಾತ್ರ ಮಕ್ಕಳ ತಲೆಗೇ ಹೋಗಲ್ಲ” ಎಂದಳು. ಆ ಹೊಗಳಿಕೆಯೆಲ್ಲ ಸುಳ್ಳೆಂದು ಅಲ್ಲೇ ಹೇಳಬಹುದಿತ್ತು. ಆದರೂ ಬಾಯಿ ಬಿಡಲಿಲ್ಲ. ಮಾನದ ಪ್ರಶ್ನೆ ನೋಡಿ.

ಮುಂದಿನ ಶುಕ್ರವಾರ ಅವಳ ಸರದಿ. “ನೀನು ಕೂತ್ಕೊಳಮ್ಮಾ, ಇವತ್ತು ನಂದು” ಎಂದು ಮೇಡಂ ತಾವೇ ಸೀಮೆಸುಣ್ಣ ಹಿಡಿದರು. ಬಕೆಟ್ ನೀರಿಗೆ ಕಲ್ಲು ಹಾಕಿದರು, ಮುಳುಗಿತು. ಮರದ ಸ್ಕೇಲು ಹಾಕಿದರು, ತೇಲಿತು. ಬೋರ್ಡಿನ ತುಂಬ ಸಾಂದ್ರತೆಯ ಸೂತ್ರ ಬರೆದರು. ಒಬ್ಬ ಹುಡುಗಿ ಎದ್ದು, “ಹಾಗಾದ್ರೆ ಕಬ್ಬಿಣದ ಹಡಗು ಯಾಕೆ ಮುಳುಗಲ್ಲ?” ಎಂದಳು.

“ಅದು ಮುಂದಿನ ಪಾಠ” ಎಂದು ಮೇಡಂ ಬೆವರು ಒರೆಸಿಕೊಂಡರು.

ಸ್ಟಾಫ್ ರೂಮಿಗೆ ಬಕೆಟ್ಟೂ ಬಂತು. “ಹೇಳಿ, ಎಲ್ಲಿ ಎಡವಿದೆ?” ಎಂದರು ಮೇಡಂ. ಗಣಿತದ ಮೇಷ್ಟ್ರು ಬಕೆಟ್ಟಿನ ಬಣ್ಣ ಹೊಗಳಿದರು. ಸ್ಕೇಲನ್ನು ಹೊಗಳಲು ನಾನು ಬಾಯಿ ತೆರೆದೆ. ಮೇಡಂ ನನ್ನನ್ನು ದುರುಗುಟ್ಟಿ ನೋಡಿ, ವಿಜ್ಞಾನದವಳತ್ತ ಕಣ್ಣು ಹಾಯಿಸಿದರು. ಅರ್ಥವಾಗದಷ್ಟು ದಡ್ಡಿ ನಾನಲ್ಲ.

“ಹಡಗಿನ ವಿಷಯ ನಿಮಗೆ ಗೊತ್ತಿರ್ಲಿಲ್ಲ ಮೇಡಂ,” ಎಂದೆ. “ಗೊತ್ತಿಲ್ದಾಗ ನಾನೂ ಮುಂದಿನ ಪಾಠ ಅಂತಲೇ ತಪ್ಪಿಸ್ಕೊಳ್ಳೋದು.”

“ಸದ್ಯ! ಒಬ್ರಾದ್ರೂ ಬಾಯಿ ಬಿಟ್ರಲ್ಲ” ಎಂದರು ಮೇಡಂ.

“ನಾನು ‘ಮನೇಲಿ ಯೋಚನೆ ಮಾಡಿ’ ಅಂತೀನಿ” ಎಂದು ಮೇಷ್ಟ್ರು ಗೊಣಗಿದರು. ಎಲ್ಲರೂ ನಕ್ಕೆವು. ವಿಜ್ಞಾನದವಳು ಮಾತ್ರ ನಗಲಿಲ್ಲ.

“ನಿಮಗೂ ಹೀಗಾಗುತ್ತಾ? ಮತ್ತೆ ಇಷ್ಟು ದಿನ ಯಾಕಕ್ಕಾ ಹೇಳ್ಲಿಲ್ಲ?”

ನಾಚಿಕೆಯಿಂದ ನನ್ನ ತಲೆ ತಗ್ಗಿತು. ಮೇಡಂ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ಆ ಹುಡುಗಿಗೆ ಏನು ಹೇಳ್ಬೇಕಿತ್ತು, ನೀನೇ ಹೇಳು” ಎಂದರು.

ಅವಳು ಕಣ್ಣೊರೆಸಿಕೊಂಡು, ಬಿಸ್ಕತ್ತಿನ ಸ್ಟೀಲ್ ಬಟ್ಟಲನ್ನು ಖಾಲಿ ಮಾಡಿ ಬಕೆಟ್ಟಿನ ನೀರಿನ ಮೇಲೆ ಮೆಲ್ಲಗೆ ಬಿಟ್ಟಳು. ಅದು ತೇಲಿತು. ನಾವೆಲ್ಲ ಕುರ್ಚಿ ಬಿಟ್ಟು ಎದ್ದು ಬಗ್ಗಿ ನೋಡಿದೆವು.

“ಇಲ್ಲಿಂದ ಶುರು ಮಾಡ್ಬೇಕಿತ್ತು ಮೇಡಂ. ಸೋಮವಾರ ನಾನೇ ಮಾಡ್ತೀನಿ. ಎಲ್ರೂ ಬನ್ನಿ,” ಎಂದವಳು ನನ್ನ ಕಡೆ ತಿರುಗಿದಳು. “ಆದ್ರೆ ಅಕ್ಕಾ, ದಯವಿಟ್ಟು ಹೊಗಳ್ಬೇಡಿ.”