ಸೊಲ್ಲಾಪುರ ರಾಜವಂಶ

‘ಸೊಲ್ಲಾಪುರದವರು ಏನಂತಾರೆ?’ ಎಂದು ಹರ್ಷದಾ ನಮ್ಮ ಓದುಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಳು.

ನನ್ನ ಗಂಡ ಚೇತನ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಬರೆದೆ: ‘ಬಾಗಿಲು ಹಾಕಿದವನನ್ನು ಬೈಯುವವರು ಆ ಬಾಗಿಲು ಎಷ್ಟು ಭಾರ ಇತ್ತು ಅಂತ ಮೊದಲು ಹೇಳಲಿ, ಅಂತಾರೆ.’

ಎಲ್ಲರೂ ನಗುವ ಮುಖ ಹಾಕಿದರು. ಮಾತು ಅವನದೇ ಎನ್ನುವ ಹಾಗಿತ್ತು. ಅವನು ಆಡಿದ್ದಲ್ಲ.

ಗುಂಪಿನಲ್ಲಿ ನಾವು ಹನ್ನೆರಡು ಜನ, ಎಲ್ಲರೂ ಹೈದರಾಬಾದಿನವರು. ಮಾತು ಇಂಗ್ಲಿಷು, ಹಿಂದಿ, ತೆಲುಗು ಕಲಸಿದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವುದು ಚೀನಾದ ಒಂದು ಉದ್ದನೆಯ ಕಾದಂಬರಿ. ಹಳೆಯ ರಾಜರ ಕಾಲ, ಬೆಟ್ಟದ ಮೇಲಿನ ಮಠಗಳು, ನೂರಾರು ವರ್ಷ ಸಾಧನೆ ಮಾಡಿ ಮಂಜಿನ ಮೇಲೆ ನಡೆಯುವ ಶಿಷ್ಯರು. ಪ್ರತಿ ಶನಿವಾರ ಯಾರೋ ಪುಣ್ಯಾತ್ಮರು ಒಂದು ಅಧ್ಯಾಯವನ್ನು ಇಂಗ್ಲಿಷಿಗೆ ತಂದು ಹಾಕುತ್ತಾರೆ. ಭಾನುವಾರವೆಲ್ಲ ಜಗಳ. ನಾನು ಜಗಳ ಆಡುವುದು ಕಡಿಮೆ. ಪಾತ್ರಗಳ ಚಿತ್ರ ಬರೆದು ಹಾಕುತ್ತಿದ್ದೆ.

ಜಗಳ ಹೆಚ್ಚಾಗಿ ಕುಯ್ ಲಾನ್ ಎಂಬವನದು. ಮಠದ ಬಾಗಿಲು ಕಾಯುವವನು. ವೈರಿಗಳು ಬೆಟ್ಟ ಏರಿದ ದಿನ ಅವನು ಬಾಗಿಲು ಹಾಕುತ್ತಾನೆ. ಒಳಗೆ ನಾನೂರು ಜನ. ಹೊರಗೆ, ಇನ್ನೂ ಮೆಟ್ಟಿಲು ಹತ್ತುತ್ತಿದ್ದವಳು ಅವನನ್ನು ಹಸುಗೂಸಿನಿಂದ ಸಾಕಿದ ಮುದಿ ಗುರುತಾಯಿ. ಅವಳು ಬರುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಇನ್ನಷ್ಟು ಹೊತ್ತು ಕಾಯಬಹುದಿತ್ತು. ಕಾಯಲಿಲ್ಲ. ಆಮೇಲೆ ಅವಳಿಗೇನಾಯಿತೆಂದು ಲೇಖಕ ಹೇಳಿರಲಿಲ್ಲ. ಕತೆ ಈಗ ಕುಯ್ ಲಾನನ ವಿಚಾರಣೆಗೆ ಬಂದಿತ್ತು. ಮೆಹದಿಪಟ್ಟಣಂನ ಕೌಸ್ತುಭ, ವಕೀಲರ ಕೈಕೆಳಗೆ ಕೆಲಸ ಮಾಡುವವನು, ಅವನಿಗೆ ಮರಣದಂಡನೆಯೇ ಆಗಬೇಕೆಂದು ಪುಟಗಟ್ಟಲೆ ಬರೆಯುತ್ತಿದ್ದ.

ಕುಯ್ ಲಾನನ ಪರ ನಿಂತವನು ಚೇತನ ಒಬ್ಬನೇ. ಅವನು ಕಾದಂಬರಿಯ ಒಂದು ಸಾಲನ್ನೂ ಓದಿದವನಲ್ಲ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್. ಭಾನುವಾರ ನನ್ನ ಚಿತ್ರಕ್ಕೆ ನಿಲ್ಲುತ್ತಿದ್ದ. ನಿಂತಾಗ ನಾನು ಕತೆ ಹೇಳುತ್ತಿದ್ದೆ. ಕತ್ತಿಗೆ ಬದಲು ಕಸಬರಿಗೆ, ನಿಲುವಂಗಿಗೆ ಬದಲು ಮದುವೆಯಲ್ಲಿ ಅವನ ತಾಯಿ ಕೊಟ್ಟ ಸೊಲ್ಲಾಪುರ ಚಾದರ.

‘ಗೇಟ್ ಎತ್ತೂದಕ್ಕ ಎಲ್ಲಾರೂ ಬರ್ತಾರ, ಹಾರ ತೊಗೊಂಡು’ ಎನ್ನುತ್ತಿದ್ದ. ‘ಗೇಟ್ ಇಳಸೂದಕ್ಕ ಒಬ್ಬವ ಇರ್ತಾನ. ಅಂವಗ ಎರಡೂ ಕಡೆದವರು ಬೈತಾರ. ನಿಮ್ಮ ವಕೀಲಗ ಒಂದ್ಸಲ ಡ್ಯಾಮಿಗೆ ಬಾ ಅಂತ ಹೇಳು.’

ಒಂದು ಸಲ ಕಣ್ಣಿಗೆ ಕಂಡಂತೆ ಬರೆದುಬಿಟ್ಟೆ. ಕುಯ್ ಲಾನನ ನಿಲುವಂಗಿಯ ಅಂಚಿನಲ್ಲಿ ಚಾದರದ ಅಂಚೇ ಬಂತು. ಇದು ಯಾವ ರಾಜವಂಶದ ಕಸೂತಿ ಎಂದು ಕೌಸ್ತುಭ ಮೂರು ದಿನ ಹುಡುಕಿದ. ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ನಿಜ ಹೇಳಲು ನಾಚಿಕೆ. ಚೇತನ ಫೋನ್ ಕಸಿದುಕೊಂಡು ಬರೆದ: ‘ಸೊಲ್ಲಾಪುರ ರಾಜವಂಶ.’ ಅಂದಿನಿಂದ ಗುಂಪಿಗೆ ಅವನ ಹೆಸರು ಅದೇ ಆಯಿತು. ವಾರಕ್ಕೊಮ್ಮೆ ಕೇಳುತ್ತಿದ್ದರು, ಸೊಲ್ಲಾಪುರದವರು ಏನಂತಾರೆ?

ಕಡೆಯ ಸಲ ಅವನು ನಿಂತದ್ದು ಬಾಗಿಲ ದೃಶ್ಯಕ್ಕೆ. ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಊರಿ, ಅರ್ಧ ತಾಸು. ಕಾಗದದ ಎಡಭಾಗ ತುಂಬಿತು. ‘ಅರ್ಧ ಚಿತ್ರಕ್ಕ ನಾ ಸಾಕು. ಹೊರಗಿನಾಕಿಗೆ ಬ್ಯಾರೆ ಯಾರನ್ನರ ನೋಡ್ಕೊ’ ಎಂದು ಚಾದರ ಮಡಚಿಟ್ಟ.

ಆಗಸ್ಟಿನಲ್ಲಿ ಕಚೇರಿಯಲ್ಲೇ ಕುಸಿದ. ಮೆದುಳಿನಲ್ಲಿ ರಕ್ತಸ್ರಾವ. ಮೂರು ದಿನ ಆಸ್ಪತ್ರೆ. ಎರಡು ಸಲ ಹೃದಯ ನಿಂತಿತು, ಎದೆ ಒತ್ತಿ ಮತ್ತೆ ಬಡಿಯುವ ಹಾಗೆ ಮಾಡಿದರು. ಎರಡನೆಯ ಸಲ ಪಕ್ಕೆಲುಬು ಮುರಿದದ್ದು ನನಗೆ ಕೇಳಿಸಿತು. ಮೂರನೆಯ ದಿನ ಮಧ್ಯಾಹ್ನ ಡಾಕ್ಟರು ಕೂರಿಸಿ ಹೇಳಿದರು: ಅವರು ಇನ್ನು ಎಚ್ಚರಾಗುವುದಿಲ್ಲ, ಮತ್ತೆ ನಿಂತರೆ ಒತ್ತುವುದೋ ಬೇಡವೋ ನೀವು ಹೇಳಬೇಕು. ಬೇಡ ಎಂಬ ಕಾಗದಕ್ಕೆ ಎರಡು ಹತ್ತಕ್ಕೆ ಸಹಿ ಮಾಡಿದೆ. ಎರಡೂವರೆಗೆ ನಿಂತಿತು. ಎರಡನೆಯ ಸಲ ನಿಂತ ಮೇಲೆ ನಾನು ಫೋನ್ ಮಾಡಿ ಕರೆಸಿದ್ದ ಅವನ ತಾಯಿ ವಿಜಾಪುರದಿಂದ ಬಂದು ಆಸ್ಪತ್ರೆ ಮುಟ್ಟಿದಾಗ ನಾಲ್ಕೂವರೆ.

ಅತ್ತೆ ಗದಿಗೆಮ್ಮನಿಗೆ ಅವನೊಬ್ಬನೇ ಮಗ. ದಿನಕರ್ಮ ಮುಗಿದ ಮೇಲೂ ಊರಿಗೆ ಹೋಗಲಿಲ್ಲ. ‘ನಿನ್ನ ಒಬ್ಬಾಕಿನ್ನ ಬಿಟ್ಟು ಎಲ್ಲಿ ಹೋಗ್ಲಿ’ ಎಂದು ಮಿಯಾಪುರದ ನಮ್ಮ ಫ್ಲ್ಯಾಟಿನಲ್ಲೇ ಉಳಿದರು. ಮಾತನಾಡಿಸಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ‘ಇನ್ನ ಎರಡು ತಾಸು ಇದ್ದಿದ್ದರ ಜೀವ ಇದ್ದ ಮಾರಿ ನೋಡ್ತಿದ್ದೆ.’ ಎದುರು ಮನೆಯ ಸತ್ಯಭಾಮಾ ಅವರಿಗೆ, ಹಾಲಿನವನಿಗೆ, ಊರಿನಿಂದ ಬಂದ ಫೋನಿಗೆ. ನಾನು ಚಹಾ ಇಡಲು ಅಡುಗೆಮನೆಗೆ ಹೋಗುತ್ತಿದ್ದೆ.

ಸಹಿಯ ವಿಷಯ ಅತ್ತೆಗೆ ಹೇಳಿರಲಿಲ್ಲ. ಪ್ರತಿ ಶನಿವಾರ ಗುಂಪಿನಲ್ಲಿ ಚೇತನನ ಬಾಯಿಂದ ಕುಯ್ ಲಾನನನ್ನು ಸಮರ್ಥಿಸುತ್ತಿದ್ದೆ. ಹಾಗೆ ನಾಲ್ಕು ವಾರ ಆಯಿತು.

ಕಾದಂಬರಿ ಮುಗಿಯುವ ಹೊತ್ತಿಗೆ ಗುಂಪಿನ ಚಿತ್ರಗಳನ್ನೆಲ್ಲ ಒಂದು ಪುಸ್ತಕ ಮಾಡಿಸಬೇಕೆಂದು ಮಾತಾಗಿತ್ತು. ನಡುಪುಟಕ್ಕೆ ನನ್ನ ಬಾಗಿಲ ಚಿತ್ರ. ನಾನು ಇವತ್ತು ನಾಳೆ ಎನ್ನುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದಾಯಿತು. ಅತ್ತೆ ತೆಗೆದರು.

‘ಶೈಲಶ್ರೀ ಅಕ್ಕನ ಮನಿ ಇದೇ ಏನ್ರಿ?’

‘ಹೌದವ್ವ. ನೀ ಯಾರು?’

‘ಹರ್ಷದಾ ಅಂತ್ರಿ. ಉಪ್ಪಲದಿಂದ ಬಂದೀನಿ. ನಮ್ಮಜ್ಜಿ ಭಾಲ್ಕಿಯಾಕಿ, ಅದಕ್ಕ ಇಷ್ಟರ ಕನ್ನಡ ಬರ್ತದ. ಅಕ್ಕ ಚಿತ್ರ ಕೊಡವಲ್ಲರು, ವಸೂಲಿಗೆ ಬಂದೀನಿ. ಸೊಲ್ಲಾಪುರದೋರು ಇದ್ದಾರೇನ್ರಿ?’

‘ಸೊಲ್ಲಾಪುರದೋರು ಯಾರೂ ಇಲ್ಲಿಲ್ಲವ್ವ. ನಾವು ವಿಜಾಪುರದೋರು.’

ನಾನು ಅಡುಗೆಮನೆಯಿಂದ ಬಂದೆ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ, ಬೆನ್ನಿಗೆ ಚೀಲ, ಕೈಯಲ್ಲಿ ಅಂಗಿಗೆ ಚುಚ್ಚುವ ಒಂದು ದುಂಡನೆಯ ಬಿಲ್ಲೆ. ಅದರ ಮೇಲೆ ಸೊಲ್ಲಾಪುರ ರಾಜವಂಶ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದಳು. ಗುಂಪಿನ ಕಾಣಿಕೆ. ನನ್ನನ್ನು ನೋಡಿ ನಕ್ಕಳು. ಆಮೇಲೆ ಅವಳ ಕಣ್ಣು ನನ್ನ ಹಿಂದಿನ ಗೋಡೆಗೆ ಹೋಯಿತು. ಅವಳು ಚೇತನನ ಫೋಟೋ ಎಂದೂ ನೋಡಿರಲಿಲ್ಲ. ನನ್ನ ಚಿತ್ರಗಳಲ್ಲಿ ಆ ಮುಖವನ್ನು ಮೂವತ್ತು ಸಲ ನೋಡಿದ್ದಳು.

‘ಕುಯ್ ಲಾನ್’ ಎಂದಳು. ಆಮೇಲೆ ಫೋಟೋದ ಹಾರ ನೋಡಿದಳು.

ಅವಳು ಬಿಲ್ಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

‘ಯಾವಾಗ, ಅಕ್ಕ?’

‘ಆಗಸ್ಟ್ ಹದಿನೆಂಟು.’

‘ಮತ್ತ ಆಮ್ಯಾಲ ಬರದವರು?’

‘ನಾನು.’

ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡಿದರು. ‘ಕುಂದರವ್ವ ಮೊದಲ’ ಎಂದು ಹರ್ಷದಾಳನ್ನು ಕೂರಿಸಿ ನೀರು ಕೊಟ್ಟರು. ‘ನನ್ನ ಮಗನ್ನ ಏನೋ ಅಂದೆಲ್ಲ. ಯಾರಂವ?’

‘ಕತಿ ಒಳಗಿನಾಂವ್ರಿ. ಚೀನಾದ ಕತಿ. ಅಕ್ಕ ಅವರ ಮಾರಿನೇ ಇಟ್ಟು ಚಿತ್ರ ಬರದಾರ.’

‘ರಾಜನೇನು?’

‘ಅಲ್ರಿ. ಬಾಗಲಾ ಕಾಯೋಂವ. ಮಂದಿ ಅಂವಗ... ಅಂವ ಛಲೋ ಅಲ್ಲ ಅಂತಾರ್ರಿ.’

‘ನನ್ನ ಮಗಂದು ಮಾರಿ ಇಟ್ಟು ಕೆಟ್ಟಾಂವನ್ನ ಬರದೀರಿ? ಅಲಾ ಇವರ!’ ಅತ್ತೆ ನನ್ನ ಕಡೆ ತಿರುಗಿದರು. ‘ಏನು ಮಾಡಿದ್ನಂತ ಅಂವ? ತಗಿ ನೋಡೂಣು.’

ಹಲಗೆಯ ಮೇಲಿದ್ದ ಅರ್ಧ ಚಿತ್ರ ತಂದು ಅವರ ಮುಂದಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡರು. ಮುಖವನ್ನು ನೋಡಲಿಲ್ಲ. ಬಾಗಿಲಿಗೆ ಒತ್ತಿದ ಅಂಗೈ, ಊರಿದ ಪಾದ ನೋಡಿದರು. ಅಂಚಿನ ಮೇಲೆ ಬೆರಳಾಡಿಸಿ, ‘ಇದು ನಾ ಕೊಟ್ಟ ಚಾದರ’ ಎಂದರು.

ಹರ್ಷದಾ ಕತೆ ಹೇಳಿದಳು. ಕನ್ನಡ ಸಾಲದ ಕಡೆ ಹಿಂದಿ ಹಾಕಿದಳು.

‘ಚೀನಾದಾಗೂ ಮಠ ಅದಾವೇನು?’ ಎಂದು ಒಮ್ಮೆ ಕೇಳಿದ್ದು ಬಿಟ್ಟರೆ ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಗುರುತಾಯಿ ಮೆಟ್ಟಿಲು ಹತ್ತುತ್ತಿದ್ದಾಗ ಬಾಗಿಲು ಮುಚ್ಚಿಕೊಂಡಿತು ಎಂಬಲ್ಲಿಗೆ ಕತೆ ನಿಂತಿತು.

‘ಅಷ್ಟು ದೊಡ್ಡ ಬಾಗಲಾ. ಅಂವ ಒಬ್ಬನ ಹಾಕಿದ್ನೇನು?’

‘ಹೌದ್ರಿ, ಒಬ್ಬನೇ.’

‘ಒಳಗ ನಾನೂರು ಮಂದಿ ಇದ್ರಂದಿ. ಒಬ್ಬರೂ ಕೈ ಹಚ್ಚಲಿಲ್ಲೇನು?’

ಹರ್ಷದಾ ನನ್ನನ್ನು ನೋಡಿದಳು. ಎರಡು ವರ್ಷದ ಜಗಳದಲ್ಲಿ ಗುಂಪಿನ ಯಾರೂ ಕೇಳಿರದ ಪ್ರಶ್ನೆ ಅದು.

ಅವಳು ಹೊರಟಾಗ ಲಿಫ್ಟಿನವರೆಗೆ ಹೋದೆ. ಬಿಲ್ಲೆಯನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಕೈಗಿಟ್ಟಳು. ‘ಗುಂಪಿಗೆ ನಾನು ಹೇಳ್ಲೇನು ಅಕ್ಕ?’

‘ಬೇಡ. ನಾನೇ ಹೇಳ್ತೀನಿ.’

ಅಲ್ಲೇ ನಿಂತು ಬರೆದೆ: ‘ಸೊಲ್ಲಾಪುರದವರು ಆಗಸ್ಟ್ ಹದಿನೆಂಟರಂದು ತೀರಿಕೊಂಡರು. ಆಮೇಲೆ ಬರೆದ ನಾಲ್ಕು ಮಾತು ನನ್ನವು.’ ಕಳಿಸಿ ಫೋನ್ ಮುಚ್ಚಿದೆ.

ಒಳಗೆ ಬಂದಾಗ ಅತ್ತೆ ಇನ್ನೂ ಚಿತ್ರದ ಮುಂದೆಯೇ ಕೂತಿದ್ದರು. ಎದುರಿಗೆ ಕೂತೆ.

‘ಅತ್ತಿ, ಒಂದು ಮಾತು ಹೇಳೂದೈತ್ರಿ. ಆವತ್ತು ಡಾಕ್ಟರ್ ನನ್ನ ಕೇಳಿದ್ರು, ಮತ್ತ ಎದಿ ನಿಂತ್ರ ಒತ್ತೂದೋ ಬ್ಯಾಡೋ ಅಂತ. ನಾನು ಬ್ಯಾಡ ಅಂತ ಸಹಿ ಮಾಡಿದೆ. ಒತ್ತಿದ್ರ ನೀವು ಬರೂತನಕ ಇರ್ತಿದ್ರೋ ಏನೋ.’

ಅತ್ತೆ ಕನ್ನಡಕ ತೆಗೆದರು.

‘ಎಷ್ಟಕ್ಕ ಮಾಡಿದಿ ಸಹಿ?’

‘ಎರಡು ಹತ್ತಕ್ಕ.’

‘ಆಗ ನಾ ವಿಕಾರಾಬಾದದಾಗ ಇದ್ದೆ. ಗಾಡಿ ನಿಂತಿತ್ತು.’ ಕನ್ನಡಕ ಮಡಚುತ್ತಾ ಕೇಳಿದರು: ‘ನಾ ಬರಾಕತ್ತೀನಂತ ಗೊತ್ತಿತ್ತಲ್ಲ ನಿನಗ?’

‘ಗೊತ್ತಿತ್ತು.’

ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ, ಕರೆಯುವ ಹಕ್ಕು ಇದೆ ಅನಿಸಲಿಲ್ಲ. ಸಂಜೆ ಅಟ್ಟದ ಮೇಲಿಂದ ಅವರ ಚೀಲ ಇಳಿಸಿದ ಸದ್ದಾಯಿತು. ವಿಜಾಪುರದ ಗಾಡಿ ಎಷ್ಟು ಹೊತ್ತಿಗೆ ಎಂದು ನೆನಪು ಮಾಡಿಕೊಂಡೆ. ನಿಲ್ದಾಣಕ್ಕೆ ಆಟೋ ಹೇಳಬೇಕು, ದಾರಿಗೆ ರೊಟ್ಟಿ ಕಟ್ಟಬೇಕು. ಅದಕ್ಕಿಂತ ಮುಂದೆ ಏನೂ ತೋಚಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಸತ್ಯಭಾಮಾ ಅವರು ತಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರನ್ನು ಕರೆದುಕೊಂಡು ಬಂದರು. ಅತ್ತೆ ಹೊರಗೆ ಬಂದು ಕೂತರು. ಬಂದಾಕೆ ಎಲ್ಲರೂ ಕೇಳುವುದನ್ನೇ ಕೇಳಿದರು, ಹೇಗಾಯಿತು ಎಂದು. ನಾನು ಹಿಟ್ಟಿನ ಕೈಯಲ್ಲೇ ನಿಂತೆ. ಎರಡು ತಾಸಿನ ಮಾತು ಬರಬೇಕು. ಈ ಸಲ ಅದರ ಜೊತೆಗೆ ನನ್ನ ಹೆಸರೂ ಬರಬಹುದು.

‘ಹೋದ್ನವ್ವ’ ಎಂದರು ಅತ್ತೆ. ‘ಸೊಸಿ ಹತ್ರನ ಇದ್ಲು. ಒಬ್ಬಾಕಿನ ಇದ್ಲು.’

ಅವರು ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು ಹೆಂಚಿನ ಮೇಲಿನ ರೊಟ್ಟಿ ಮಗುಚಿದರು. ಅದು ಒಂದು ಕಡೆ ಕರಕಾಗಿತ್ತು.

‘ನಿನ್ನೆ ಸಿಟ್ಟು ಬಂದಿತ್ತು’ ಎಂದರು. ‘ಇನ್ನೂ ಐತಿ. ಇರ್ತೈತಿ.’

‘ಹ್ಞೂಂ, ಅತ್ತಿ.’

‘ಚೀಲಾ ಇಳಿಸಿದ್ದು ಚಾದರಕ್ಕ. ಅಂವಗ ಕೊಟ್ಟಿದ್ದರ ಜೋಡಿದು ಇನ್ನೊಂದಿತ್ತು, ನನ್ನ ಹತ್ರ. ಆಸ್ಪತ್ರಿಯಾಗ ಥಂಡಿ ಇರ್ತೈತಿ ಅಂತ ಅಂವಗ ಹೊಚ್ಚಾಕ ತಂದಿದ್ದೆ.’ ರೊಟ್ಟಿ ಇಳಿಸಿದರು. ‘ಆ ಚಿತ್ರದಾಗ ಅರ್ಧಾ ಖಾಲಿ ಬಿಟ್ಟಿಯಲ್ಲ, ಅಲ್ಲಿ ಯಾರು ಬರಬೇಕು?’

‘ಹೊರಗ ನಿಂತಾಕಿ. ಗುರುತಾಯಿ.’

‘ಆಕಿನ್ನ ಯಾಕ ಬರದಿಲ್ಲ?’

ಉತ್ತರಕ್ಕೆ ಅವರು ಕಾಯಲಿಲ್ಲ, ಮುಂದಿನ ರೊಟ್ಟಿ ಹೆಂಚಿಗೆ ಹಾಕಿದರು.

ಊಟವಾದ ಮೇಲೆ ಫೋನ್ ತೆರೆದೆ. ಗುಂಪಿನಲ್ಲಿ ಬಹಳ ಮಾತು ಬಂದಿದ್ದವು. ಕೌಸ್ತುಭನದು ಒಂದೇ ಸಾಲು: ‘ಆ ನಾಲ್ಕನ್ನೂ ಅಳಿಸಬೇಡಿ.’ ಅಷ್ಟು ಓದಿ ಕೆಳಗಿಟ್ಟೆ.

ಅತ್ತೆ ಬಚ್ಚಲ ಬಾಗಿಲ ಮುಂದೆ ನಿಂತಿದ್ದರು. ಬಾಗಿಲಿಗೆ ಮುಖ ಮಾಡಿ, ಹೆಗಲ ಮೇಲೆ ಆ ಇನ್ನೊಂದು ಚಾದರ ಹೊದ್ದು. ಮಡಿಕೆಯ ಗೆರೆಗಳೂ ಹೋಗಿರಲಿಲ್ಲ ಅದರವು.

‘ಹಿಂಗ ನಿಂತಿದ್ಲೇನು ಆಕಿ?’

‘ಮೊಣಕಾಲು ನೋಯ್ತಾವ್ರಿ ಅತ್ತಿ. ಕುರ್ಚಿ ಹಾಕ್ತೀನಿ, ಕುಂತ್ರೂ ನಡೀತೈತಿ.’

‘ಆಕಿ ಕುಂತಿದ್ಲೇನು?’

‘ಇಲ್ಲ. ನಿಂತಿದ್ಲು.’

‘ಮತ್ತ?’ ಬಲಗೈ ಎತ್ತಿ ಬಾಗಿಲ ಮೇಲಿಟ್ಟರು. ‘ಎಷ್ಟೊತ್ತು ಹಿಡೀತೈತಿ?’

ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಎಡಗಡೆ ಚೇತನ ಬೆನ್ನು ಕೊಟ್ಟು ನಿಂತಿದ್ದ.

‘ಎರಡು ತಾಸು ಆಗಬಹುದ್ರಿ.’

‘ಆಗಲಿ’ ಎಂದರು. ‘ನಿಂತಿರ್ತೀನಿ. ಬರಿ.’

ಮೊದಲು ಕೈಯನ್ನು ಬರೆದೆ.